ಬಾಡಿಗೆಯ ಮನೆ ಮತ್ತು ಅಂಗವಿಕಲ ನಿವಾಸಿ: ಪಶ್ಚಿಮ ಬೆಂಗಳೂರಿನ ವಸತಿ ಚರಿತ್ರೆಯ ಒಂದು ಪ್ರಕರಣ

೧

ಬೆಂಗಳೂರು ನಗರದ ಬೆಳವಣಿಗೆಯನ್ನು ಕುರಿತು ಬರೆದವರು ಬಡಾವಣೆಗಳ ಸ್ಥಾಪನೆ, ನಿವೇಶನಗಳ ಹಂಚಿಕೆ, ನೀರಿನ ಸರಬರಾಜು, ಬಾಡಿಗೆಯ ನಿಯಂತ್ರಣ ಮೊದಲಾದ ವಿಷಯಗಳನ್ನು ಸಾಕಷ್ಟು ವಿವೇಚಿಸಿದ್ದಾರೆ. ಆದರೆ ಮನೆಯ ರಚನೆಗೂ ಅದರಲ್ಲಿ ವಾಸಿಸುವವನ ದೇಹಸ್ಥಿತಿಗೂ ಇರುವ ಸಂಬಂಧ ಚರಿತ್ರೆಯ ವಿಷಯವೆಂದು ಎಣಿಸಲ್ಪಟ್ಟಿರುವುದು ವಿರಳ. ನಡೆಯಲಾರದವನಿಗೆ ಬಾಗಿಲ ಮುಂದಿನ ಮೂರು ಮೆಟ್ಟಿಲುಗಳು ಊರಿನ ಎಲ್ಲೆಯೇ ಆಗಿಬಿಡುತ್ತವೆ. ಮನೆ ಸ್ವಂತದ್ದಾದರೆ ಹಣವೊದಗಿದಾಗ ಆ ಮೆಟ್ಟಿಲನ್ನು ಒಡೆಸಿ ಇಳಿಜಾರು ಮಾಡಿಸಬಹುದು. ಬಾಡಿಗೆಯದಾದರೆ ಹಣವಿದ್ದರೂ ಅಧಿಕಾರವಿಲ್ಲ. ಈ ಅಧಿಕಾರವಿಲ್ಲದಿರುವಿಕೆ ಹೇಗೆ ಉಂಟಾಯಿತು, ಕಾನೂನು ಅದನ್ನು ಯಾವ ಕಾಲದಲ್ಲಿ ಎಷ್ಟರಮಟ್ಟಿಗೆ ಗಮನಿಸಿತು ಎಂಬುದನ್ನು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಪ್ರದೇಶಗಳನ್ನು ಮುಂದಿರಿಸಿಕೊಂಡು ಪ್ರಕೃತ ಲೇಖನದಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

೨

ಮೊದಲು ಈ ಪ್ರದೇಶದ ಮನೆಗಳ ಸ್ವರೂಪವನ್ನು ನೋಡಬೇಕು. ೧೮೯೮ರ ಪ್ಲೇಗಿನ ತರುವಾಯ ಬಸವನಗುಡಿ, ಮಲ್ಲೇಶ್ವರಗಳು ಹುಟ್ಟಿದುವು; ಅಲ್ಲಿ ಮುಖ್ಯವಾಗಿದ್ದುದು ಗಾಳಿ, ಬೆಳಕು, ಚರಂಡಿಗಳ ವಿಚಾರ. ಪಶ್ಚಿಮದ ಬಡಾವಣೆಗಳ ಮೂಲ ಬೇರೆ. ೧೯೪೫ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಮಂಡಲಿ ಸ್ಥಾಪನೆಯಾಯಿತು. ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರ ಹೆಸರನ್ನು ಹೊತ್ತು ೧೯೪೯ರಲ್ಲಿ ಆರಂಭವಾದ ರಾಜಾಜಿನಗರ, ಕೈಗಾರಿಕಾ ಉಪನಗರವಾಗಿ ರೂಪುಗೊಂಡಿತು. ಮಾಗಡಿ ರಸ್ತೆಯ ಬಿನ್ನಿ ಗಿರಣಿಯೇ ಮೊದಲಾದ ಕಾರ್ಖಾನೆಗಳ ಕೆಲಸಗಾರರೂ, ಗುಮಾಸ್ತರೂ, ಉಪಾಧ್ಯಾಯರೂ ಈ ಭಾಗದಲ್ಲಿ ನೆಲೆಸಿದರು. ೧೯೬೨ರ ಅಧಿನಿಯಮದಂತೆ ಗೃಹ ಮಂಡಲಿಯು ಅಸ್ತಿತ್ವಕ್ಕೆ ಬಂದಿತು. ೧೯೭೬ರಲ್ಲಿ ಟ್ರಸ್ಟ್ ಮಂಡಲಿಯ ಸ್ಥಾನವನ್ನು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ವಹಿಸಿಕೊಂಡಿತು. ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಉಪನಗರಗಳು ಇಂತಹ ಸಂಸ್ಥೆಗಳ ನಿವೇಶನ, ಗೃಹಯೋಜನೆಗಳ ಮೂಲಕ ಬೆಳೆದುವು.

ಈ ಬಡಾವಣೆಗಳಲ್ಲಿ ೨೦ × ೩೦ ಮತ್ತು ೩೦ × ೪೦ ಅಡಿಗಳ ನಿವೇಶನಗಳು ಬಹುಸಾಮಾನ್ಯ. ಮಳೆಯ ನೀರು ಒಳಗೆ ನುಗ್ಗದಂತೆ ತಳಪಾಯವನ್ನು ರಸ್ತೆಗಿಂತ ಎತ್ತರಿಸುವುದು, ರಸ್ತೆಗೂ ಮನೆಗೂ ನಡುವಣ ಚರಂಡಿಯ ಮೇಲೆ ಕಲ್ಲುಚಪ್ಪಡಿ ಹಾಸುವುದು, ಬಾಗಿಲಿಗೆ ಹೊಸ್ತಿಲನ್ನು ಇರಿಸುವುದು, ಬಚ್ಚಲ ನೆಲವನ್ನು ತಗ್ಗಿಸುವುದು, ನೆಲಮಟ್ಟದ ಕಕ್ಕಸನ್ನು ಕಟ್ಟಿಸುವುದು ಇವೆಲ್ಲ ಸಾಮಾನ್ಯ ಕ್ರಮಗಳಾಗಿದ್ದುವು. ಇವುಗಳಲ್ಲಿ ಒಂದೊಂದಕ್ಕೂ ಸಕಾರಣವುಂಟು. ಯಾವುದೂ ಯಾರನ್ನೂ ಹೊರಗಿಡುವ ಉದ್ದೇಶದಿಂದ ಬಂದುದಲ್ಲ. ಆದರೆ ಗಾಲಿಕುರ್ಚಿಯಲ್ಲಿ ಸಂಚರಿಸುವವನಿಗಾಗಲಿ, ಊರುಗೋಲು ಹಿಡಿದವನಿಗಾಗಲಿ, ಪಾರ್ಶ್ವವಾಯು ಬಡಿದು ಚೇತರಿಸಿಕೊಳ್ಳುತ್ತಿರುವ ವೃದ್ಧೆಗಾಗಲಿ ಇವು ಒಟ್ಟಾಗಿ ಒಂದು ಕೋಟೆಯಾಗಿ ಪರಿಣಮಿಸುವುವು.

ಇದಕ್ಕಿಂತ ಗಮನಾರ್ಹವಾದುದು ಬಾಡಿಗೆಯ ಭಾಗ ಮನೆಯಲ್ಲಿ ಎಲ್ಲಿರುತ್ತದೆ ಎಂಬುದು. ಹಿಂದಿನ ವಠಾರದಲ್ಲಿ ಬಾಡಿಗೆಯ ಮನೆಗಳು ಸಾಲಾಗಿ ನೆಲದ ಮೇಲೆಯೇ ಇರುತ್ತಿದ್ದುವು. ನಲ್ಲಿಯೂ ಕಕ್ಕಸೂ ಹಲವರಿಗೆ ಸೇರಿದುವಾಗಿದ್ದರೂ ಅಂಗಳ ಸಮತಟ್ಟಾಗಿತ್ತು. ನಿವೇಶನದ ಬೆಲೆ ಏರಿದಂತೆಲ್ಲ ಮನೆಯ ಮಾಲೀಕರು ಕೆಳಗೆ ತಾವಿದ್ದು, ಮೇಲೆ ಒಂದೆರಡು ಅಂತಸ್ತುಗಳನ್ನು ಕಟ್ಟಿಸಿ, ಹೊರಗಿನಿಂದ ಇಕ್ಕಟ್ಟಾದ ಮೆಟ್ಟಿಲನ್ನಿಟ್ಟು ಬಾಡಿಗೆಗೆ ಕೊಡುವ ಪದ್ಧತಿ ಬೆಳೆಯಿತು. ಮುಖ್ಯರಸ್ತೆಗಳಲ್ಲಿ ನೆಲ ಅಂತಸ್ತು ಅಂಗಡಿಗಳ ಪಾಲಾಯಿತು. ತತ್ಪರಿಣಾಮವಾಗಿ, ಮೆಟ್ಟಿಲು ಹತ್ತಲಾರದವನಿಗೆ ಬೇಕಾದ ನೆಲ ಅಂತಸ್ತಿಗೆ ಒಂದು ಕಡೆ ಮಾಲೀಕನೂ ಇನ್ನೊಂದು ಕಡೆ ವ್ಯಾಪಾರಿಯೂ ಪ್ರತಿಸ್ಪರ್ಧಿಗಳಾದರು.

೩

ಬದಲಾವಣೆಗೆ ತಗಲುವ ಜಾಗದ ಲೆಕ್ಕವನ್ನೂ ಇಲ್ಲಿ ಹೇಳಬೇಕು. ಕೇಂದ್ರ ಸರ್ಕಾರವು ೨೦೧೬ರಲ್ಲಿ ಹೊರಡಿಸಿ ೨೦೨೧ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಗಳಲ್ಲಿ ಇಳಿಜಾರಿನ ಪ್ರಮಾಣ ಒಂದಕ್ಕೆ ಹನ್ನೆರಡು. ಎಂದರೆ ಒಂದು ಅಂಗುಲದ ಎತ್ತರಕ್ಕೆ ಹನ್ನೆರಡು ಅಂಗುಲದ ಉದ್ದ. ಆರು ಅಂಗುಲದ ಒಂದು ಮೆಟ್ಟಿಲಿಗೆ ಆರು ಅಡಿ ಸಾಕು. ಒಂದೂವರೆ ಅಡಿ ಎತ್ತರದ ತಳಪಾಯಕ್ಕೆ ೧೮ ಅಡಿ, ಎರಡು ಅಡಿಗೆ ೨೪ ಅಡಿ ಬೇಕಾಗುತ್ತದೆ. ೩೦ ಅಡಿ ಉದ್ದದ ನಿವೇಶನದಲ್ಲಿ ೨೪ ಅಡಿಯ ಇಳಿಜಾರು ಎಲ್ಲಿ ಹಿಡಿಸೀತು? ಮನೆಯ ಮುಂದೆ ಉಳಿಯುವ ತೆರವಿನಲ್ಲಿ ನೀರಿನ ತೊಟ್ಟಿಯೂ ವಾಹನವೂ ಸೇರಿಕೊಂಡಿರುತ್ತವೆ. ಇಳಿಜಾರು ಹೊರಕ್ಕೆ ಚಾಚಿದರೆ ಚರಂಡಿಯನ್ನೂ ಕಾಲುದಾರಿಯನ್ನೂ ಆಕ್ರಮಿಸುತ್ತದೆ. ಆಗ ನಗರಪಾಲಿಕೆಯ ಪ್ರಶ್ನೆ ಏಳುತ್ತದೆ. ಹೀಗೆ ಬಾಡಿಗೆದಾರನು ಒಂದು ಇಳಿಜಾರಿಗಾಗಿ ಮನೆಯೊಡೆಯನ ಮನಸ್ಸನ್ನೂ ನಗರದ ನಿಬಂಧನೆಗಳನ್ನೂ ಒಟ್ಟಿಗೆ ಎದುರಿಸಬೇಕಾಗುತ್ತದೆ.

ಆದುದರಿಂದಲೇ ಈ ಮನೆಗಳಲ್ಲಿ ಸಾಧ್ಯವಾಗುವ ಬದಲಾವಣೆಗಳು ಬಹುಮಟ್ಟಿಗೆ ಸಣ್ಣವು, ಕಳಚಿಡಬಹುದಾದುವು: ಹೊಸ್ತಿಲಿಗೆ ಒರಗಿಸಿಟ್ಟ ಹಲಗೆ, ನೆಲಕಕ್ಕಸಿನ ಮೇಲೆ ಇರಿಸಿದ ನಡುವೆ ರಂಧ್ರವುಳ್ಳ ಕುರ್ಚಿ, ಬಚ್ಚಲಲ್ಲಿ ಕುಳಿತು ಸ್ನಾನಮಾಡಲು ಒಂದು ಪೀಠ, ಗೋಡೆಗೆ ಬಡಿದ ಹಿಡಿಕೆಯ ಸರಳು. ಇವುಗಳಲ್ಲಿ ಗೋಡೆಗೆ ಮೊಳೆ ತಾಗಿಸುವ ಕೊನೆಯದೂ, ಹೊಸ್ತಿಲನ್ನು ಮುಟ್ಟುವ ಮೊದಲನೆಯದೂ ಮಾಲೀಕರ ಸಂದೇಹಕ್ಕೆ ಬೇಗ ಗುರಿಯಾಗುವುವು. ಹೊಸ್ತಿಲು ನಮ್ಮಲ್ಲಿ ಪೂಜೆಗೊಳ್ಳುವ ಸ್ಥಳ. ಅದನ್ನು ಕೀಳಿಸಲು ಒಪ್ಪದಿರುವುದನ್ನು ಕೇವಲ ಹಟವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಹಾಗೆಯೇ ಅದನ್ನು ದಾಟಲಾರದೆ ಒಳಗೇ ಉಳಿದವನ ಕಷ್ಟವನ್ನು ಸಂಪ್ರದಾಯದ ಹೆಸರಿನಲ್ಲಿ ಮರೆಯುವುದೂ ನ್ಯಾಯವಲ್ಲ.

೪

ಇನ್ನು ಕಾನೂನಿನ ವಿಚಾರ. ೧೮೮೨ರ ಸ್ವತ್ತು ವರ್ಗಾವಣೆ ಅಧಿನಿಯಮದ ೧೦೮ನೆಯ ಪ್ರಕರಣವು ಮಾಲೀಕ ಮತ್ತು ಬಾಡಿಗೆದಾರರ ಪರಸ್ಪರ ಬಾಧ್ಯತೆಗಳನ್ನು ನಿರೂಪಿಸಿತು. ಮಾಲೀಕನ ಸಮ್ಮತಿಯಿಲ್ಲದೆ ಬಾಡಿಗೆದಾರನು ಸ್ಥಿರವಾದ ಕಟ್ಟಡವನ್ನು ನಿರ್ಮಿಸಕೂಡದು, ಕಟ್ಟಡಕ್ಕೆ ಹಾನಿಮಾಡಕೂಡದು, ಬಿಡುವಾಗ ಮೊದಲಿದ್ದ ಸ್ಥಿತಿಯಲ್ಲೇ ಒಪ್ಪಿಸಬೇಕು ಎಂಬುವು ಅದರ ಸಾರ. ಅದೇ ಪ್ರಕರಣದಲ್ಲಿ, ಬಾಡಿಗೆದಾರನು ತಾನು ನೆಲಕ್ಕೆ ಸೇರಿಸಿದ ವಸ್ತುಗಳನ್ನು, ಸ್ವಾಧೀನದಲ್ಲಿರುವವರೆಗೆ, ಕಳಚಿ ಒಯ್ಯಬಹುದೆಂಬ ಮಾತೂ ಇದೆ. ಅಂಗವಿಕಲನನ್ನು ಮನಸ್ಸಿನಲ್ಲಿಟ್ಟು ಬರೆದುದಲ್ಲವಾದರೂ, ಕಳಚಿಡಬಹುದಾದ ಇಳಿಜಾರಿಗೂ ಸರಳಿಗೂ ಹಳೆಯ ಕಾನೂನಿನಲ್ಲಿ ದೊರೆಯುವ ಆಧಾರ ಪ್ರಾಯಶಃ ಇದೊಂದೇ.

೧೯೫೧ರ ಮೈಸೂರು ಮನೆ ಬಾಡಿಗೆ ಮತ್ತು ವಸತಿ ನಿಯಂತ್ರಣ ಅಧಿನಿಯಮವೂ, ಅನಂತರದ ೧೯೬೧ರ ಬಾಡಿಗೆ ನಿಯಂತ್ರಣ ಅಧಿನಿಯಮವೂ ವಸತಿಯ ಅಭಾವದ ಕಾಲದಲ್ಲಿ ಬಾಡಿಗೆದಾರನನ್ನು ಮನಸ್ವೀ ತೆರವಿನಿಂದ ರಕ್ಷಿಸಲು ಬಂದುವು. ಈ ರಕ್ಷಣೆ ಅಲ್ಪವಾದುದಲ್ಲ. ಆದರೆ ೧೯೬೧ರ ಅಧಿನಿಯಮದ ೨೧ನೆಯ ಪ್ರಕರಣದಲ್ಲಿ ತೆರವಿಗೆ ಕಾರಣವಾಗಬಹುದಾದ ಸಂಗತಿಗಳನ್ನು ಎಣಿಸುವಾಗ, ಮಾಲೀಕನ ಲಿಖಿತ ಸಮ್ಮತಿಯಿಲ್ಲದೆ ಸ್ಥಿರ ಕಟ್ಟಡವನ್ನು ನಿರ್ಮಿಸುವುದೂ ಒಂದೆಂದು ಸೇರಿತು. ಅಂದರೆ, ಮನೆಯಲ್ಲಿ ಉಳಿಯುವ ಹಕ್ಕನ್ನು ಕೊಟ್ಟ ಕಾನೂನೇ, ಮನೆಯನ್ನು ದೇಹಕ್ಕೆ ಒಗ್ಗಿಸಿಕೊಳ್ಳಲು ಹೊರಟವನನ್ನು ಆ ಹಕ್ಕಿನ ನಷ್ಟದ ಭೀತಿಗೆ ಒಡ್ಡಿತು.

ಅದೇ ಕಾಲದಲ್ಲಿ ಅಂಗವೈಕಲ್ಯವು ರಾಜ್ಯದ ಗಮನಕ್ಕೆ ಬಂದುದು ಬೇರೊಂದು ದಾರಿಯಿಂದ. ೧೯೨೩ರ ಕಾರ್ಮಿಕರ ನಷ್ಟಪರಿಹಾರ ಅಧಿನಿಯಮವೂ, ೧೯೪೮ರ ರಾಜ್ಯ ವಿಮಾ ಅಧಿನಿಯಮವೂ ಯಂತ್ರಕ್ಕೆ ಕೈ ಕೊಟ್ಟ ಕೆಲಸಗಾರನಿಗೆ ಹಣವನ್ನು ಗೊತ್ತುಮಾಡಿದುವು. ರಾಜಾಜಿನಗರದ ಇ. ಎಸ್. ಐ. ಆಸ್ಪತ್ರೆ ಈ ವ್ಯವಸ್ಥೆಯ ಪ್ರತ್ಯಕ್ಷ ನಿದರ್ಶನ. ಗಿರಣಿಯಲ್ಲಿ ಕಾಲು ಕಳೆದುಕೊಂಡ ಕೆಲಸಗಾರನೊಬ್ಬನನ್ನು ಭಾವಿಸಿಕೊಳ್ಳೋಣ. ಅವನ ಗಾಯಕ್ಕೆ ಚಿಕಿತ್ಸೆ ದೊರೆಯಿತು. ಗಳಿಕೆಯ ನಷ್ಟಕ್ಕೆ ಲೆಕ್ಕ ಹಾಕಿ ಹಣ ಬಂದಿತು. ಆದರೆ ಆಸ್ಪತ್ರೆಯಿಂದ ಅವನು ಹಿಂದಿರುಗುವ ಮನೆಯ ಮೆಟ್ಟಿಲು ಯಾವ ಲೆಕ್ಕಕ್ಕೂ ಸೇರಲಿಲ್ಲ. ಸ್ವಯಂಸೇವಾ ರಂಗದಲ್ಲಿ ಸ್ವತಃ ಅಂಗವಿಕಲರಾಗಿದ್ದ ಎನ್. ಎಸ್. ಹೇಮಾ ಅವರು ೧೯೫೯ರಲ್ಲಿ ಬೆಂಗಳೂರಿನಲ್ಲಿ ಇತರರೊಡನೆ ಸ್ಥಾಪಿಸಿದ ಸಂಸ್ಥೆಯು ಶಿಕ್ಷಣ, ತರಬೇತಿ, ಉದ್ಯೋಗಗಳ ದಾರಿಯನ್ನು ತೆರೆಯಿತು; ಮನೆಯಿಂದ ಹೊರಬರುವುದು ಇವೆಲ್ಲಕ್ಕೂ ಮೊದಲ ಮೆಟ್ಟಿಲೆಂಬುದನ್ನು ಹೇಳಬೇಕಾದುದಿಲ್ಲ.

೫

೧೯೯೫ರ ಅಂಗವಿಕಲ ವ್ಯಕ್ತಿಗಳ ಅಧಿನಿಯಮ ಹೊಸ ಯುಗವನ್ನು ಆರಂಭಿಸಿತು. ಅದು ಸಾರ್ವಜನಿಕ ಕಟ್ಟಡಗಳಲ್ಲಿ ಇಳಿಜಾರನ್ನು ಕುರಿತು ಮಾತನಾಡಿತು. ಮನೆ ಕಟ್ಟಿಕೊಳ್ಳಲು ರಿಯಾಯಿತಿ ದರದಲ್ಲಿ ಭೂಮಿಯ ಹಂಚಿಕೆಯನ್ನು ಸೂಚಿಸಿತು. ಆದರೆ ಹಂಚಿಕೆಯಾಗುವುದು ನಿವೇಶನ. ಅದನ್ನು ಕೊಳ್ಳಲಾರದವನು ಬಾಡಿಗೆಯಲ್ಲಿಯೇ ಉಳಿದನು. ೨೦೦೧ರ ಡಿಸೆಂಬರ್ ೩೧ರಂದು ಜಾರಿಗೆ ಬಂದ ೧೯೯೯ರ ಕರ್ನಾಟಕ ಬಾಡಿಗೆ ಅಧಿನಿಯಮವು ಈ ದೃಷ್ಟಿಯಿಂದ ವಿಶೇಷವಾಗಿ ಅಭ್ಯಾಸಯೋಗ್ಯವಾದುದು. ಅದರ ೩೧ನೆಯ ಪ್ರಕರಣ ಅಂಗವಿಕಲನನ್ನು ಹೆಸರಿಸುತ್ತದೆ. ಆದರೆ ಬಾಡಿಗೆದಾರನಾಗಿ ಅಲ್ಲ, ಮಾಲೀಕನಾಗಿ! ವಿಧವೆ, ಅಂಗವಿಕಲ, ೬೫ ವರ್ಷ ತುಂಬಿದವರು, ಇಂತಹ ಮಾಲೀಕರು ತಮ್ಮ ಸ್ವಂತ ವಾಸಕ್ಕಾಗಿ ಮನೆಯನ್ನು ಶೀಘ್ರವಾಗಿ ಹಿಂದಕ್ಕೆ ಪಡೆಯಬಹುದು. ಇದು ನ್ಯಾಯವಾದ ಅನುಕೂಲವೇ. ಆದರೂ ಅಂಗವೈಕಲ್ಯವು ಮನೆಯೊಡನೆ ಸಂಬಂಧಿಸಿದುದೆಂದು ಒಪ್ಪಿದ ಶಾಸನಕಾರರಿಗೆ ಬಾಡಿಗೆದಾರನ ದೇಹ ಕಾಣಿಸದೆ ಹೋದುದು ಅರ್ಥಪೂರ್ಣವಾಗಿದೆ. ಮೇಲಾಗಿ, ನಗರದಲ್ಲಿ ತಿಂಗಳಿಗೆ ೩,೫೦೦ ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ವಾಸದ ಮನೆಗಳು ಈ ಅಧಿನಿಯಮದ ವ್ಯಾಪ್ತಿಯ ಹೊರಗೆ ಉಳಿದುವು. ಬಾಡಿಗೆಗಳು ಏರಿದಂತೆಲ್ಲ ಹೆಚ್ಚು ಹೆಚ್ಚು ಮನೆಗಳು ೧೮೮೨ರ ಕಾನೂನಿಗೇ ಮರಳಿದುವು.

ಇದಕ್ಕೆ ಹನ್ನೊಂದು ತಿಂಗಳ ಕರಾರಿನ ಪದ್ಧತಿಯನ್ನೂ ಸೇರಿಸಿ ನೋಡಬೇಕು. ೧೯೦೮ರ ನೋಂದಣಿ ಅಧಿನಿಯಮದಂತೆ ಒಂದು ವರ್ಷಕ್ಕೆ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ. ಅದರಿಂದ ತಪ್ಪಿಸಿಕೊಳ್ಳಲು ಹನ್ನೊಂದು ತಿಂಗಳ ಅವಧಿ ರೂಢಿಗೆ ಬಂದಿತು. ಮುಂದಿನ ವರ್ಷ ಈ ಮನೆಯಲ್ಲಿ ಇರುವೆನೆಂಬ ಭರವಸೆಯಿಲ್ಲದವನು ಕಕ್ಕಸನ್ನು ಬದಲಾಯಿಸಲು ಹಣ ಹಾಕುವುದಾದರೂ ಹೇಗೆ? ಮುಂಗಡದಿಂದ ಮಾಲೀಕನು ಎಷ್ಟನ್ನು ಕಡಿದುಕೊಳ್ಳುವನೋ ಎಂಬ ಆತಂಕ ಬೇರೆ. ಮನೆ ಬದಲಾಯಿಸಿದಾಗಲೆಲ್ಲ ಉಳಿದವರಿಗೆ ಸಾಮಾನು ಸಾಗಿಸುವ ಶ್ರಮವಾದರೆ, ಅಂಗವಿಕಲನಿಗೆ ತನ್ನ ಸ್ವಾತಂತ್ರ್ಯವನ್ನು ಮೊದಲಿಂದ ಕಟ್ಟಿಕೊಳ್ಳುವ ಶ್ರಮ.

ಭಾರತವು ೨೦೦೭ರ ಅಕ್ಟೋಬರ್ ೧ರಂದು ಅನುಮೋದಿಸಿದ ವಿಶ್ವಸಂಸ್ಥೆಯ ಒಡಂಬಡಿಕೆಯ ಫಲವಾಗಿ ಬಂದ ೨೦೧೬ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಸಮುದಾಯದಲ್ಲಿ ಬಾಳುವ ಹಕ್ಕನ್ನು ಸಾರಿತು. ವಸತಿ ಯೋಜನೆಗಳಲ್ಲಿ ಶೇಕಡಾ ೫ರ ಮೀಸಲಾತಿಯನ್ನು ವಿಧಿಸಿತು. ಯುಕ್ತವಾದ ಹೊಂದಾಣಿಕೆಗಳನ್ನು ನಿರಾಕರಿಸುವುದನ್ನೂ ತಾರತಮ್ಯವೆಂದು ಎಣಿಸಿತು. ಆದರೆ ಅದರ ಕಟ್ಟುಪಾಡುಗಳು ಮುಖ್ಯವಾಗಿ ‘ಸಂಸ್ಥೆ’ಗಳನ್ನು ಕುರಿತುವು. ಕಂಪನಿ, ಸಹಕಾರ ಸಂಘ, ನ್ಯಾಸ ಮೊದಲಾದುವು ಆ ಪರಿಭಾಷೆಯಲ್ಲಿ ಅಡಕವಾಗಿವೆ. ಮೇಲಿನ ಮಹಡಿಯನ್ನು ಬಾಡಿಗೆಗೆ ಕೊಟ್ಟ ಸಾಮಾನ್ಯ ಗೃಹಸ್ಥನನ್ನು ಅದು ಪ್ರತ್ಯೇಕವಾಗಿ ಹೆಸರಿಸಿಲ್ಲ. ರಾಜೀವ್ ರತೂರಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೨೪ರ ನವೆಂಬರ್ ೮ರಂದು, ಪ್ರವೇಶಸೌಲಭ್ಯದ ನಿಯಮಗಳು ಕೇವಲ ಸಲಹೆಯ ರೂಪದಲ್ಲಿರಬಾರದು, ಕಡ್ಡಾಯವಾಗಿರಬೇಕು ಎಂದು ತೀರ್ಪಿತ್ತುದು ಮಹತ್ತ್ವದ ಹೆಜ್ಜೆ. ಆದರೂ ೨೦೨೧ರಲ್ಲಿ ಕೇಂದ್ರವು ಅಂಗೀಕರಿಸಿದ ಮಾದರಿ ಬಾಡಿಗೆ ಅಧಿನಿಯಮದಲ್ಲಿ, ಲಿಖಿತ ಸಮ್ಮತಿಯಿಲ್ಲದ ರಚನಾತ್ಮಕ ಬದಲಾವಣೆ ತೆರವಿಗೆ ಕಾರಣವೆಂಬ ಹಳೆಯ ತತ್ತ್ವವೇ ಮುಂದುವರಿದಿದೆ.

ಇತರ ದೇಶಗಳೊಡನೆ ಹೋಲಿಸಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಬ್ರಿಟನ್ನಿನ ೧೯೭೦ರ ಅಧಿನಿಯಮವು ಮನೆಯ ಮಾರ್ಪಾಡಿಗೆ ನೆರವಾಗುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿತು; ಮುಂದೆ ಬಾಡಿಗೆದಾರರೂ ಕೋರಬಹುದಾದ ಸಹಾಯಧನ ಏರ್ಪಟ್ಟಿತು. ಅಮೆರಿಕದ ೧೯೮೮ರ ವಸತಿ ಕಾನೂನಿನ ತಿದ್ದುಪಡಿಯಲ್ಲಿ ಖರ್ಚು ಬಾಡಿಗೆದಾರನದೇ. ಆದರೆ ಯುಕ್ತವಾದ ಬದಲಾವಣೆಗೆ ಮಾಲೀಕನು ಅನುಮತಿಯನ್ನು ನಿರಾಕರಿಸುವಂತಿಲ್ಲ. ಒಳಭಾಗವನ್ನು ಬಿಡುವಾಗ ಮೊದಲಿನಂತೆ ಮಾಡಿಕೊಡಬೇಕೆಂದು ಮಾತ್ರ ಅವನು ಕೇಳಬಹುದು. ಒಂದು ಕಡೆ ಹಣದ ಪ್ರಶ್ನೆಗೂ ಇನ್ನೊಂದು ಕಡೆ ಅನುಮತಿಯ ಪ್ರಶ್ನೆಗೂ ಉತ್ತರ ದೊರೆಯಿತು. ನಮ್ಮಲ್ಲಿ ಎರಡೂ ಮನೆಯೊಡೆಯನ ದಾಕ್ಷಿಣ್ಯಕ್ಕೆ ಬಿಟ್ಟ ಮಾತುಗಳಾಗಿವೆ.

೬

ಮೇಲಿನ ವಿವೇಚನೆಯಿಂದ ನಮಗೆ ವೇದ್ಯವಾಗುವುದಿಷ್ಟು: ಅಂಗವಿಕಲನನ್ನು ನಮ್ಮ ಶಾಸನಗಳು ಗಾಯಗೊಂಡ ಕಾರ್ಮಿಕನಾಗಿ, ನಿವೇಶನದ ಅರ್ಜಿದಾರನಾಗಿ, ಮನೆಯ ಮಾಲೀಕನಾಗಿ, ಸಾರ್ವಜನಿಕ ಕಟ್ಟಡವನ್ನು ಪ್ರವೇಶಿಸುವ ಪೌರನಾಗಿ ಒಂದೊಂದಾಗಿ ಗುರುತಿಸುತ್ತ ಬಂದಿವೆ. ಬಾಡಿಗೆದಾರನಾಗಿ ಗುರುತಿಸುವುದು ಇನ್ನೂ ಉಳಿದಿದೆ. ೨೦೧೫ರಲ್ಲಿ ವಿಜಯನಗರಕ್ಕೂ ೨೦೨೧ರಲ್ಲಿ ಕೆಂಗೇರಿಗೂ ಬಂದ ಮೆಟ್ರೋ ರೈಲಿನ ನಿಲ್ದಾಣಗಳಲ್ಲಿ ಲಿಫ್ಟ್ ಇದೆ, ಅಂಧರಿಗಾಗಿ ಉಬ್ಬುಗೆರೆಯ ನೆಲಹಾಸಿದೆ. ನಿಲ್ದಾಣದ ಒಳಗೆ ಸುಗಮವಾಗಿ ಚಲಿಸಬಲ್ಲವನು ತನ್ನ ಮನೆಯ ಎರಡನೆಯ ಮಹಡಿಯಿಂದ ಇಳಿಯಲಾರದಿದ್ದರೆ ಆ ಲಿಫ್ಟ್‌ನಿಂದ ಅವನಿಗೇನು ಪ್ರಯೋಜನ?

ಈ ಚರಿತ್ರೆಯ ಆಕರಗಳು ಬಹುತೇಕ ಮನೆಗಳಲ್ಲಿಯೇ ಇವೆ. ಹಳೆಯ ಬಾಡಿಗೆ ಕರಾರುಗಳ ಷರತ್ತುಗಳನ್ನೂ, ಗೃಹ ಮಂಡಲಿಯ ಮನೆಗಳ ನಕ್ಷೆಗಳನ್ನೂ, ಬಡಾವಣೆಗಳ ತಳಪಾಯದ ಎತ್ತರವನ್ನೂ ಬಾಗಿಲ ಅಗಲವನ್ನೂ ಅಳೆದು ಸಂಗ್ರಹಿಸುವ ಕೆಲಸವನ್ನು ನಮ್ಮ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ತಮ್ಮ ಬೀದಿಗಳಿಂದಲೇ ಆರಂಭಿಸಬಹುದು. ಕಳಚಿಡಬಹುದಾದ ಮಾರ್ಪಾಡುಗಳಿಗೆ ಅನುಮತಿಯನ್ನು ನಿರಾಕರಿಸಕೂಡದೆಂಬ ಒಂದು ವಾಕ್ಯವು ರಾಜ್ಯದ ಬಾಡಿಗೆ ಕಾನೂನಿನಲ್ಲಿ ಸೇರಿದರೆ, ಅದಕ್ಕೆ ೧೮೮೨ರ ಅಧಿನಿಯಮದಲ್ಲಿಯೇ ಬೀಜವಿದೆಯೆಂದು ನಾವು ಮೇಲೆ ತೋರಿಸಿದ್ದೇವೆ. ಅಂತಹ ವಾಕ್ಯದ ಅಗತ್ಯವನ್ನು ಸ್ಥಾಪಿಸಲು ಬೇಕಾದುದು ಅಳತೆಗಳು, ದಾಖಲೆಗಳು ಮತ್ತು ನಿವಾಸಿಗಳ ಹೇಳಿಕೆಗಳು. ಅವನ್ನು ಒದಗಿಸುವುದು ಚರಿತ್ರೆಯ ಅಭ್ಯಾಸಿಗಳ ಕೆಲಸ.