ಕಿರ್ದಿ ಮೊದಲು, ಖಾತೆ ಆಮೇಲೆ: ಡೇಟಾಬೇಸ್ ಡಿಫಾಲ್ಟ್‌ಗಳ ಸಣ್ಣ ಚರಿತ್ರೆ

ಕನ್ನಡ ಎಂ.ಎ. ಓದೋನಿಗೆ ಡೇಟಾಬೇಸ್ ಉಸಾಬರಿ ಯಾಕೆ ಅಂತ ಕೇಳಬಹುದು. ಕಾರಣ ನನ್ನ ಕ್ಷೇತ್ರಕಾರ್ಯದಲ್ಲೇ ಇದೆ. ಗದ್ವಾಲ ತಾಲೂಕು 1956ರ ಮರುವಿಂಗಡಣೆಯವರೆಗೆ ರಾಯಚೂರು ಜಿಲ್ಲೆಯಲ್ಲಿತ್ತು. ಆಲಂಪುರದ ಜೊತೆ ಅದೂ ಆಂಧ್ರಪ್ರದೇಶಕ್ಕೆ ಸೇರಿತು. ಅಲ್ಲಿ, ಮತ್ತೆ ಮಕ್ತಲ್, ನಾರಾಯಣಪೇಟೆ ಕಡೆ, ಮನೆಮಾತಾಗಿ ಉಳಿದಿರುವ ಕನ್ನಡದ ಪದಗಳನ್ನು ನಾನೂ ಗೆಳೆಯನೂ ಕೂಡಿಸುತ್ತಿದ್ದೆವು. ಪದ, ಹೇಳಿದವರ ಊರು, ಬಳಸಿದ ವಾಕ್ಯ, ಎಲ್ಲ ಒಂದು ಎಸ್‌ಕ್ಯೂಲೈಟ್ ಫೈಲಿನಲ್ಲಿ.

ಹಳೆಯ ಪಟ್ಟಿಗಳನ್ನು ತುಂಬಿಸುವಾಗ ಅದು ತೀರಾ ನಿಧಾನವಾಯ್ತು. ಗೆಳೆಯ 'ಸಿಂಕ್ರೊನಸ್' ಎಂಬ ಸೆಟ್ಟಿಂಗನ್ನು ಆಫ್ ಮಾಡಿದ. ಗಾಳಿಯಂತೆ ಓಡಿತು! ಕೆಲಸ ಮುಗಿದರೂ ಆ ಒಂದು ಸಾಲು ನಮ್ಮ ಪ್ರೋಗ್ರಾಮಿನಲ್ಲೇ ಉಳಿಯಿತು. ಮಕ್ತಲ್‌ನಲ್ಲಿ ಒಂದು ಸಂಜೆ ಕರೆಂಟ್ ಹೋಯ್ತು. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್. ಕರೆಂಟ್ ಬಂದಾಗ ಫೈಲು ಕೆಟ್ಟಿತ್ತು. ಹನ್ನೊಂದು ದಿನದ ನಮೂದು ಹೋಯ್ತು.

ಆದದ್ದಿಷ್ಟು. ಪ್ರೋಗ್ರಾಮು 'ಬರೆ' ಅಂದಾಗ ಆಪರೇಟಿಂಗ್ ಸಿಸ್ಟಂ ಅದನ್ನು ಮೊದಲು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಡಿಸ್ಕಿಗೆ ನಿಜವಾಗಿ ಇಳಿಯುವವರೆಗೆ ಕಾಯಬೇಕೆಂದರೆ 'ಎಫ್‌ಸಿಂಕ್' ಅನ್ನಬೇಕು. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕು ಸೆಕೆಂಡಿಗೆ 120 ಸುತ್ತು ಹೊಡೆಯುತ್ತದೆ. ಪ್ರತಿ ನಮೂದಿಗೂ ಒಂದೆರಡು ಸುತ್ತು ಕಾದರೆ ವೇಗ ಎಲ್ಲಿಂದ ಬಂದೀತು?

ನಮ್ಮ ಕಡೆಯ ವ್ಯಾಪಾರಿಗಳಿಗೆ ಈ ಲೆಕ್ಕ ಹೊಸದಲ್ಲ. ಅಂದಂದಿನ ವ್ಯವಹಾರ ಮೊದಲು ಕಿರ್ದಿಯಲ್ಲಿ, ಸಾಲಾಗಿ. ಪುರುಸೊತ್ತಾದಾಗ ಅದು ಖಾತೆ ಪುಸ್ತಕಕ್ಕೆ, ಅವರವರ ಹೆಸರಿನಡಿ. ಖಾತೆ ಅರ್ಧಕ್ಕೆ ನಿಂತರೂ ಕಿರ್ದಿ ನೋಡಿ ಮತ್ತೆ ಬರೆಯಬಹುದು. ಡೇಟಾಬೇಸಿನವರು 'ರೈಟ್ ಅಹೆಡ್ ಲಾಗ್' ಅನ್ನುವುದು ಇದನ್ನೇ. ಇನ್ನು ಬಳಪದಿಂದ ಬರೆದು ಒರೆಸಬಹುದಾಗಿದ್ದ ಕಪ್ಪು ಬಟ್ಟೆಯ ಕಡತ ಬೇರೆಯೇ ಜಾತಿ. ಅದರ ಹೆಸರೇ ಇವತ್ತು ಸರ್ಕಾರಿ ಫೈಲಿಗೆ ಬಂದಿರುವುದು ತಮಾಷೆ.

ಡಿಫಾಲ್ಟ್ ಅಂದರೆ ಯಾರೂ ಮುಟ್ಟದಿದ್ದರೆ ಇರುವ ಏರ್ಪಾಡು. ಅದನ್ನು ಗೊತ್ತುಮಾಡುವವರು ಕೈಪಿಡಿ ಓದದವರ ಪರವಾಗಿ ತೀರ್ಮಾನ ಮಾಡುತ್ತಾರೆ. ಮೈಎಸ್‌ಕ್ಯೂಎಲ್ ಬಹುಕಾಲ ಮೈಐಎಸ್‌ಎಎಂ ಎಂಬ ಎಂಜಿನನ್ನು ಮುಂದಿಟ್ಟಿತ್ತು; ವೇಗವಿತ್ತು, ಟ್ರಾನ್ಸಾಕ್ಷನ್ ಇರಲಿಲ್ಲ. 2010ರ 5.5 ಆವೃತ್ತಿಯಲ್ಲಿ ಇನ್ನೊಡಿಬಿ ಡಿಫಾಲ್ಟ್ ಆಯಿತು. ಮೊಂಗೊಡಿಬಿಯ ಡ್ರೈವರುಗಳು 2012ರ ಕೊನೆಯವರೆಗೆ ಬರೆದದ್ದು ತಲುಪಿತೋ ಇಲ್ಲವೋ ಎಂದು ಕಾಯುತ್ತಲೇ ಇರಲಿಲ್ಲ, 2021ರ 5.0ರಲ್ಲಿ ಬಹುಮತದ ಒಪ್ಪಿಗೆ ಡಿಫಾಲ್ಟ್ ಆಯಿತು. ವೇಗದಿಂದ ಭದ್ರತೆಯ ಕಡೆಗೆ, ಬೈಸಿಕೊಂಡು ಬೈಸಿಕೊಂಡು, ನಡೆದ ಚರಿತ್ರೆ ಇದು. ನಡುವಿನ ದಾರಿಯೂ ಉಂಟು: ಪೋಸ್ಟ್‌ಗ್ರೆಸ್ 2008ರಲ್ಲಿ ತಂದ 'ಸಿಂಕ್ರೊನಸ್ ಕಮಿಟ್' ಆಫ್ ಮಾಡಿದರೆ ಕೊನೆಯ ಕೆಲವು ನಮೂದು ಹೋಗಬಹುದು, ಉಳಿದದ್ದು ಕೆಡುವುದಿಲ್ಲ.

ಎಸ್‌ಕ್ಯೂಲೈಟಿನ ಡಿಫಾಲ್ಟ್ ಭದ್ರವಾದದ್ದೇ. ಕೆಡಿಸಿದವರು ನಾವು. ಸಾಲಿಗೊಂದು ಟ್ರಾನ್ಸಾಕ್ಷನ್ ಬದಲು ಸಾವಿರ ಸಾಲಿಗೆ ಒಂದು ಮಾಡಿದ್ದರೆ ಕಾಯುವುದೂ ಸಾವಿರಕ್ಕೆ ಒಂದೇ ಸಲ. ಸೆಟ್ಟಿಂಗ್ ಮುಟ್ಟುವ ಅಗತ್ಯವೇ ಇರಲಿಲ್ಲ.

ಪಟ್ಟಿಯಿಂದ ಬಂದದ್ದನ್ನು ಮತ್ತೆ ತುಂಬಿದೆವು. ಬಾಯಿಂದ ಕೇಳಿ ನೇರ ಟೈಪ್ ಮಾಡಿದ್ದಕ್ಕೆ ಮಾತ್ರ ಮತ್ತೆ ಹೋಗಬೇಕಾಯ್ತು. ಗದ್ವಾಲ ಹತ್ತಿರದ ಊರಿನ ಅಜ್ಜಿ, "ಅವತ್ತೇ ಹೇಳೀನಲ್ಲೋ ತಮ್ಮ," ಅಂದರು. ಮತ್ತೆ ಹೇಳಿದರು, ಆದರೆ ಬೀಸುಕಲ್ಲಿನ ಭಾಗಗಳಿಗೆ ಅವತ್ತು ಕೊಟ್ಟಿದ್ದ ಎರಡು ಹೆಸರು ಈ ಸಲ ಅವರಿಗೆ ನೆನಪಾಗಲಿಲ್ಲ. ನನಗೂ ನೆನಪಿಲ್ಲ.