ನೆರಳಿನ ನೀಲಿ

ನನ್ನ ಚಿತ್ರಕಲಾ ತರಗತಿಯಲ್ಲಿ ಹಿಮದ ದೃಶ್ಯ ಬರೆಯಲು ಕೊಟ್ಟಾಗಲೆಲ್ಲ ಪೋಷಕರು ಕೇಳುವುದುಂಟು: "ಸರ್, ಹಿಮ ಕಾಣದ ಮಕ್ಕಳಿಗೆ ಇದೇಕೆ? ನಮ್ಮ ಗದ್ದೆ-ತೋಟ ಬರೆಸಬಾರದೇ?" ಅದನ್ನೂ ಬರೆಸುತ್ತೇನೆ. ಆದರೆ ನೆರಳಿಗೂ ಬಣ್ಣವಿದೆ ಎಂದು ಕಲಿಸಲು ಹಿಮಕ್ಕಿಂತ ಒಳ್ಳೆಯ ವಸ್ತು ನನಗೆ ಸಿಕ್ಕಿಲ್ಲ. ಫ್ರಾನ್ಸಿನ ಇಂಪ್ರೆಷನಿಸ್ಟ್ ಚಿತ್ರಕಾರರು ಈ ಪಾಠವನ್ನು ಚಳಿಯಲ್ಲಿ ನಿಂತು ಕಲಿತವರು.

ಹಿಮದ ಚಿತ್ರ ಅವರಿಗಿಂತ ಹಳೆಯದು. ಬ್ರೂಗೆಲ್ ಎಂಬ ಚಿತ್ರಕಾರ 1565ರಲ್ಲೇ ಹಿಮದಲ್ಲಿ ಮನೆಗೆ ಮರಳುವ ಬೇಟೆಗಾರರನ್ನು ಬರೆದಿದ್ದ. ಬಯಲಿನಲ್ಲೇ ನಿಂತು ಎಣ್ಣೆಬಣ್ಣದಲ್ಲಿ ಬರೆಯುವುದು ಸಲೀಸಾದದ್ದು ಮಾತ್ರ ಹತ್ತೊಂಬತ್ತನೇ ಶತಮಾನದಲ್ಲಿ. ಬಣ್ಣ ಕೈಗೆಟುಕಿದ್ದೂ ಆಗಲೇ. ಅಫ್ಘಾನಿಸ್ತಾನದ ಕಲ್ಲಿನಿಂದ ತೆಗೆಯುತ್ತಿದ್ದ ದುಬಾರಿ ಅಲ್ಟ್ರಾಮರೀನ್ ನೀಲಿಯನ್ನು ಗಿಮೆ ಎಂಬಾತ ಕೃತಕವಾಗಿ ತಯಾರಿಸಿ 1828ರಲ್ಲಿ ಬಹುಮಾನ ಪಡೆದ, ನೀಲಿ ಅಗ್ಗವಾಯಿತು. 1841ರಲ್ಲಿ ಜಾನ್ ಗಾಫ್ ರ‍್ಯಾಂಡ್ ಬಣ್ಣ ತುಂಬುವ ತವರದ ಟ್ಯೂಬಿಗೆ ಪೇಟೆಂಟ್ ಪಡೆದ. ಬಣ್ಣ ಚೀಲಕ್ಕೆ ಬಂತು.

ನಾನು ಮಕ್ಕಳ ಮುಂದಿಡುವುದು ಇಂಪ್ರೆಷನಿಸ್ಟರಲ್ಲೊಬ್ಬನಾದ ಮೊನೆಯ ಚಿತ್ರ 'ಮ್ಯಾಗ್‌ಪೈ'. 1868-69ರ ಚಳಿಗಾಲದಲ್ಲಿ ನಾರ್ಮಂಡಿಯ ಎತ್ರೆತಾ ಬಳಿ ಬರೆದದ್ದು. ಬೇಲಿಯ ಗೇಟಿನ ಮೇಲೆ ಒಂಟಿ ಮ್ಯಾಗ್‌ಪೈ ಹಕ್ಕಿ. ಬಿಸಿಲು ಬೇಲಿಯ ಹಿಂದಿನಿಂದ ಬರುವುದರಿಂದ ನೆರಳು ನಮ್ಮತ್ತ ಚಾಚಿದೆ. ಆ ನೆರಳು ಕಪ್ಪಲ್ಲ, ಬೂದು ಬಣ್ಣವೂ ಅಲ್ಲ. ನೇರಳೆ ಬೆರೆತ ನೀಲಿ. ಬಿಸಿಲು ತಾಗದ ಕಡೆಯೂ ಆಕಾಶದ ಬೆಳಕು ಬೀಳುತ್ತದಲ್ಲ, ಆ ನೀಲಿಯನ್ನೇ ಹಿಮ ತಿರುಗಿಸಿ ಕೊಡುತ್ತದೆ. ಬಿಸಿಲು ಬಿದ್ದ ಹಿಮಕ್ಕೆ ಕೆನೆಯ ಹಳದಿ ಸೇರಿದೆ. 1869ರ ಸಲೋನ್ ಎಂಬ ಕಲಾಪ್ರದರ್ಶನದ ತೀರ್ಪುಗಾರರು ಇದನ್ನು ತಿರಸ್ಕರಿಸಿದರು. ಇವತ್ತು ಪ್ಯಾರಿಸ್ಸಿನ ಓರ್ಸೆ ಸಂಗ್ರಹಾಲಯದಲ್ಲಿ ಜನ ಅದರ ಮುಂದೆ ನಿಂತು ನೋಡುತ್ತಾರೆ. ಅದೇ ಗುಂಪಿನ ಪಿಸಾರೊ, ಸಿಸ್ಲೆ ಕೂಡ ಲೂವ್‌ಸಿಯೆನ್‌ ಎಂಬ ಊರಿನ ಹಿಮದ ದಾರಿಗಳನ್ನು ಮತ್ತೆ ಮತ್ತೆ ಬರೆದರು. ಹೀಗೆ ಒಂದೇ ವಸ್ತುವನ್ನು ಬಿಡದೆ ಬರೆಯುವುದೇ ನಿಜವಾದ ಅಭ್ಯಾಸ ಎಂದು ನಾನು ನಂಬಿದ್ದೇನೆ.

ಹಿಮದ ಚಿತ್ರಗಳು ನಮ್ಮಲ್ಲೂ ನೋಡಲು ಸಿಗುತ್ತವೆ. ಹಿಮಾಲಯದ ಕುಲು ಕಣಿವೆಯಲ್ಲಿ ನೆಲೆಸಿ ಹಿಮಶಿಖರಗಳನ್ನು ಬರೆದ ನಿಕೊಲಾಸ್ ರೋರಿಕ್, ಬೆಂಗಳೂರಿನ ತಾತಗುಣಿಯಲ್ಲಿ ಬಾಳಿದ ಅವರ ಮಗ ಸ್ವೆಟೊಸ್ಲಾವ್, ಇಬ್ಬರ ಚಿತ್ರಗಳೂ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿವೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ. ಮರುದಿನ ಬೆಳಗ್ಗೆ ಅಂಗಳದಲ್ಲಿ ಬಿಳಿ ಪಂಚೆಯೊಂದನ್ನು ಹರವಿ, ಅದರ ಮಡಿಕೆಗಳ ನೆರಳನ್ನು ಬರೆಯಲು ಹೇಳಿ. ಕಪ್ಪು ಬಣ್ಣವನ್ನು ಮಾತ್ರ ಕೊಡಬೇಡಿ.