ಬೇಡವೆಂದ ಡಾಕ್ಟರೇಟ್

ಹೆಸರಿನ ಹಿಂದೆ ‘ಡಾ.’ ಸೇರಿಸಿಕೊಳ್ಳಲು ಎಷ್ಟು ಜನ ಎಷ್ಟೆಲ್ಲ ಓಡಾಡುತ್ತಾರೆಂಬುದನ್ನು ನಾವು ಕಂಡಿದ್ದೇವೆ. ಹೀಗಿರುವಾಗ ಬೆಂಗಳೂರು ವಿಶ್ವವಿದ್ಯಾಲಯವು 2017ರ ಜನವರಿಯಲ್ಲಿ ತನ್ನ 52ನೇ ಘಟಿಕೋತ್ಸವದಲ್ಲಿ ಕರೆದು ಕೊಡಲು ಹೊರಟ ಗೌರವ ಡಾಕ್ಟರೇಟನ್ನು ರಾಹುಲ್ ದ್ರಾವಿಡ್ ವಿನಯದಿಂದಲೇ ಬೇಡವೆಂದರು. ಅವರೇನು ಹೊರಗಿನವರಲ್ಲ; ಇಲ್ಲಿಯ ಸೇಂಟ್ ಜೋಸೆಫ್ ವಾಣಿಜ್ಯ ಕಾಲೇಜಿನಲ್ಲೇ ಬಿ.ಕಾಂ. ಓದಿದವರು. ಕ್ರೀಡೆಯ ವಿಷಯದಲ್ಲಿ ಸಂಶೋಧನೆ ಮಾಡಿ ಆ ಪದವಿಯನ್ನು ಗಳಿಸಲು ಯತ್ನಿಸುತ್ತೇನೆ ಎಂಬುದು ಅವರ ಉತ್ತರವಾಗಿತ್ತು.

ಆಮೇಲೊಮ್ಮೆ ಕಾರಣವನ್ನೂ ಬಿಡಿಸಿ ಹೇಳಿದರು. ಹೆಂಡತಿ ವೈದ್ಯೆ; ವರ್ಷಗಟ್ಟಲೆ ಓದಿ ಆದವರು. ತಾಯಿಗೆ ಡಾಕ್ಟರೇಟ್ ಸಿಕ್ಕಿದ್ದು 55ನೆಯ ವಯಸ್ಸಿನಲ್ಲಿ. ಅಂಥ ಮನೆಯಲ್ಲಿದ್ದುಕೊಂಡು ತಾನು ಅದನ್ನು ಸುಮ್ಮನೆ ಹೇಗೆ ತೆಗೆದುಕೊಳ್ಳಲಿ ಎಂದು.

ತಾಯಿ ಪುಷ್ಪಾ ಅವರು ವಿಶ್ವೇಶ್ವರಯ್ಯನವರು 1917ರಲ್ಲಿ ಆರಂಭಿಸಿದ ಎಂಜಿನಿಯರಿಂಗ್ ಕಾಲೇಜಿನಲ್ಲಿ ವಾಸ್ತುಶಿಲ್ಪ ಕಲಿಸುತ್ತಿದ್ದವರು. ಆ ಕಾಲೇಜು ಆಗ ಬೆಂಗಳೂರು ವಿಶ್ವವಿದ್ಯಾಲಯಕ್ಕೇ ಸೇರಿತ್ತು. ಮಗ ಟೆಸ್ಟ್ ಪಂದ್ಯಗಳಲ್ಲಿ ಹೊಡೆದ 13,288 ರನ್ನುಗಳು ದೊಡ್ಡವೇ. ಆದರೆ ನನ್ನ ಮನಸ್ಸು ನಿಂತದ್ದು ಆ 55ರ ಮೇಲೆ. ಕೆಲಸ, ಮನೆ, ಮಕ್ಕಳ ಪರೀಕ್ಷೆ, ಹಿರಿಯರ ಔಷಧಿ ಎಲ್ಲ ಮುಗಿಸಿ ಪುಸ್ತಕ ತೆರೆಯುವ ಹೊತ್ತಿಗೆ ಹೆಂಗಸಿಗೆ ಎಷ್ಟು ವಯಸ್ಸಾಗಿರುತ್ತದೆ ಎಂಬುದು ನಮಗೆ ಗೊತ್ತಿಲ್ಲವೇ?

ಆದರೂ ಒಂದು ಮಾತು. ಬೇಡ ಎನ್ನಬೇಕಾದರೂ ಮೊದಲು ಯಾರಾದರೂ ಕೊಡಲು ಬರಬೇಕಲ್ಲ! ಭಾರತದ ಮಹಿಳೆಯರ ಮೊದಲ ಟೆಸ್ಟ್ ಪಂದ್ಯ ನಡೆದದ್ದು ನಮ್ಮ ಬೆಂಗಳೂರಿನಲ್ಲೇ, 1976ರ ಅಕ್ಟೋಬರ್ ಕೊನೆಗೆ, ವೆಸ್ಟ್ ಇಂಡೀಸ್ ವಿರುದ್ಧ. ನಾಯಕಿ ನಮ್ಮವರೇ ಆದ ಶಾಂತಾ ರಂಗಸ್ವಾಮಿ. ಮುಂದಿನ ತಿಂಗಳು ಪಾಟ್ನಾದಲ್ಲಿ ತಂಡ ಮೊದಲ ಗೆಲುವು ಕಂಡಿತು. ಆ ವರ್ಷದ ಅರ್ಜುನ ಪ್ರಶಸ್ತಿಯೂ ಶಾಂತಾ ಅವರಿಗೆ ಬಂತು. ಕಾಯ್ದಿರಿಸದ ರೈಲು ಡಬ್ಬಿಗಳಲ್ಲಿ ಕುಳಿತು ಹೋಗಿ ಆಡುತ್ತಿದ್ದ ಕಾಲ ಅದು. ಕ್ರಿಕೆಟ್ ಮಂಡಳಿ ಮಹಿಳಾ ಕ್ರಿಕೆಟನ್ನು ತನ್ನ ತೆಕ್ಕೆಗೆ ತೆಗೆದುಕೊಂಡದ್ದು 2006ರಲ್ಲಿ. ಮಹಿಳೆಯರಿಗೆಂದು ಮೊದಲ ಜೀವಮಾನ ಸಾಧನೆ ಪ್ರಶಸ್ತಿಯನ್ನು ಅದು ಶಾಂತಾ ಅವರ ಕೈಗಿತ್ತದ್ದು 2017ರ ಮಾರ್ಚಿನಲ್ಲಿ, ಇದೇ ಊರಿನಲ್ಲಿ. ಎರಡು ತಿಂಗಳೊಳಗೆ ಒಬ್ಬರು ಗೌರವವನ್ನು ಬೇಡವೆಂದರು. ಇನ್ನೊಬ್ಬರಿಗೆ ಸಲ್ಲಬೇಕಾದದ್ದು ನಾಲ್ಕು ದಶಕ ತಡವಾಗಿ ಸಂದಿತು.

ಈಗ ನಮ್ಮ ಯಲಹಂಕ ದಾಟಿ ವಿಮಾನ ನಿಲ್ದಾಣದ ಕಡೆ ಹೊರಟರೆ ಪಡುಕೋಣೆ-ದ್ರಾವಿಡ್ ಹೆಸರಿನ ಕ್ರೀಡಾ ಕೇಂದ್ರವಿದೆ. ಇನ್ನೂ ಮುಂದೆ, ಕ್ರಿಕೆಟ್ ಮಂಡಳಿಯ ಹೊಸ ತರಬೇತಿ ಕೇಂದ್ರ 2024ರ ಸೆಪ್ಟೆಂಬರಿನಲ್ಲಿ ಶುರುವಾಯಿತು. ಬೆನ್ನಿಗೆ ಚೀಲ ಏರಿಸಿಕೊಂಡ ಹುಡುಗಿಯರು ನಮ್ಮ ಬೀದಿಯಲ್ಲೂ ಕಾಣುತ್ತಾರೆ. ಆದರೆ ಹತ್ತನೆಯ ತರಗತಿ ಬಂತೆಂದರೆ ಚೀಲ ಅಟ್ಟ ಸೇರುತ್ತದೆ. ಪಕ್ಕದ ಮನೆಯವರೂ ಮಗಳ ಆಟ ಬಿಡಿಸುವ ಯೋಚನೆಯಲ್ಲಿದ್ದರು. ನಾನು ಆಕೆಗೆ ಈ ಎರಡೂ ಕತೆ ಹೇಳಿದೆ. ಆಟಕ್ಕೂ ಓದಿನಷ್ಟೇ ಶ್ರಮವಿದೆ, ಒಂದಕ್ಕಾಗಿ ಇನ್ನೊಂದನ್ನು ಕೊಲ್ಲಬೇಕಾಗಿಲ್ಲ ಎಂದೆ.

ಮದುವೆಯಾದ ವರ್ಷವೇ ಎಂ.ಎ. ಅರ್ಧಕ್ಕೆ ಬಿಟ್ಟವರು ಅವರು. ಮಗಳ ವಿಷಯಕ್ಕೆ ‘ನೋಡೋಣ’ ಅಂದರು. ಒಳಗೆ ಹೋದವರು ಬಾಗಿಲವರೆಗೆ ತಿರುಗಿ ಬಂದು ಮೆಲ್ಲಗೆ ಕೇಳಿದರು: “ಅಲ್ಲಾರೀ, ಐವತ್ತೈದರಲ್ಲೂ ಸೇರಿಸ್ಕೋತಾರಾ?”